ಘಾತಾಂಕಕ್ಕೆ ಚೌಕ-ಘನದ ಚಿತ್ರ ಸಾಲಲ್ಲ, ಕವಲು ಬಿಡಿಸಿ

ಎಂಟನೇ ಕ್ಲಾಸಿಗೆ ಬಂದ್ರೂ ಮಕ್ಕಳು 2³ ಅಂದ್ರೆ 6 ಅಂತ ಬರೀತಾರೆ, ಚಿತ್ರ ಬಿಡಿಸಿ ಘಾತಾಂಕ ಕಲಿಸ್ಬೋದಾ, ಯಾವ ಚಿತ್ರ ಅಂತ ಕೇಳಿದೀರಿ. ಖಂಡಿತ ಕಲಿಸ್ಬೋದು, ಆದ್ರೆ ಎಲ್ಲಾ ಚಿತ್ರನೂ ಕೆಲಸಕ್ಕೆ ಬರಲ್ಲ. ನಾನು ಹೈಸ್ಕೂಲಲ್ಲಿ ಗಣಿತ ತಗೋತೀನಿ, ಕ್ಲಾಸಲ್ಲಿ ಯಾವ್ದು ನಡೀತು ಅನ್ನೋದನ್ನ ಹೇಳ್ತೀನಿ.

ಎಲ್ರೂ ಶುರು ಮಾಡೋದು ಚೌಕದಿಂದ. 3² ಅಂದ್ರೆ ಮೂರು ಅಡ್ಡಸಾಲು ಮೂರು ಕಂಬಸಾಲು, ಒಂಬತ್ತು ಚುಕ್ಕಿ. 3³ ಅಂದ್ರೆ ಅದನ್ನೇ ಮೂರು ಅಂತಸ್ತು ಪೇರಿಸಿದ್ರೆ 27 ಸಣ್ಣ ಘನ. ನೋಡೋಕೇನೋ ಚೆನ್ನಾಗಿದೆ, ಆದ್ರೆ 3⁴ ಬಂತು ಅಂದ್ರೆ ಬಿಡಿಸೋಕೆ ದಿಕ್ಕೇ ಉಳಿದಿರಲ್ಲ, 3⁰ ಅಂತ ಯಾರಾದ್ರೂ ಕೇಳಿದ್ರೆ ಮೇಷ್ಟ್ರಿಗೂ ಉತ್ತರ ಇಲ್ಲ. ಘಾತಾಂಕ ಅಂದ್ರೆ ಉದ್ದ-ಅಗಲ-ಎತ್ತರದ ವಿಷ್ಯ ಅಂತ ಮಗು ಅಂದ್ಕೊಂಡ್ಬಿಡುತ್ತೆ, ಅದು ನಿಜವಾಗ್ಲೂ "ಎಷ್ಟು ಸಲ ಗುಣಿಸಿದ್ವಿ" ಅನ್ನೋ ಲೆಕ್ಕ. ಹಾಗಾಗಿ ಆ "ಎಷ್ಟು ಸಲ" ಕಣ್ಣಿಗೆ ಕಾಣೋ ಚಿತ್ರ ಬೇಕು.

ನಾನು ಮಾಡಿಸೋದು ಕವಲು ಚಿತ್ರ. ಹಾಳೆ ಕೆಳಗೆ ಒಂದು ಗೀಟು, ಅದರ ತುದಿ ಎರಡಾಗ್ಬೇಕು, ಆ ಎರಡರ ತುದಿನೂ ಎರಡೆರಡಾಗ್ಬೇಕು, ಹೀಗೇ ಮೇಲಕ್ಕೆ. ಬಲಗಡೆ ಪ್ರತಿ ಹಂತದಲ್ಲಿ ಎಷ್ಟು ತುದಿ ಅಂತ ಬರೀಬೇಕು: 1, 2, 4, 8, 16. ಎಡಗಡೆ ಎಷ್ಟು ಸಲ ಕವಲೊಡೀತು ಅಂತ: 0, 1, 2, 3, 4. ಎಡಗಡೆ ಇರೋದೇ ಘಾತಾಂಕ, ಪ್ರತಿ ಸಲ ಎಷ್ಟಾಗಿ ಒಡೀತು ಅನ್ನೋದು ಆಧಾರ ಸಂಖ್ಯೆ. 2⁰ ಯಾಕೆ 1 ಅಂತ ಬೇರೆ ಪಾಠ ಮಾಡೋದೇ ಬೇಡ, ಇನ್ನೂ ಒಂದ್ ಸಲನೂ ಕವಲೊಡೆದಿಲ್ಲ, ಒಂದೇ ಗೀಟು ಇದೆ, ಅಷ್ಟೇ. 6ರ ಕಾಯಿಲೆಗೆ ಮದ್ದು ಏನಪ್ಪಾ ಅಂದ್ರೆ ಪಕ್ಕದಲ್ಲೇ 2×3 ಬಿಡಿಸೋದು, ಎರಡೆರಡು ಕಡ್ಡಿ ಮೂರು ಜೊತೆ ಬಿಡಿಬಿಡಿಯಾಗಿ. ಒಂದ್ಕಡೆ 6 ಕಡ್ಡಿ ಒಂದ್ಕಡೆ 8 ತುದಿ, ಬೆರಳಿಟ್ಟು ಎಣಿಸ್ಲಿ. ಆಮೇಲೆ 3² ಬಿಡಿಸ್ಲಿ, 9 ಬರುತ್ತೆ, 2³ಕ್ಕೂ 3²ಕ್ಕೂ ವ್ಯತ್ಯಾಸನೂ ಅಲ್ಲೇ ಗೊತ್ತಾಗುತ್ತೆ.

ಇದರ ನಿಜವಾದ ಲಾಭ ಘಾತಾಂಕಗಳ ನಿಯಮಕ್ಕೆ ಬಂದಾಗ. 2³×2² ಅಂದ್ರೆ ಎಂಟು ತುದಿಗಳಲ್ಲಿ ಪ್ರತಿಯೊಂದರ ಮೇಲೂ ಇನ್ನೆರಡು ಹಂತದ ಕವಲು ಕೂರಿಸೋದು, ತುದಿ 32 ಆಗುತ್ತೆ, ಹಂತ ಎಣಿಸಿದ್ರೆ 5. ಘಾತಾಂಕ ಗುಣಿಸಿ 6 ಅಂತ ಬರೆದಿರೋ ಮಕ್ಕಳಿಗೆ "ಆರನೇ ಹಂತ ಎಲ್ಲಿದೆ ತೋರ್ಸಪ್ಪಾ" ಅಂದ್ರೆ ಸಾಕು. 2³+2² ಅಂದ್ರೆ ಬೇರೆ ಬೇರೆ ಎರಡು ಚಿತ್ರ, 8 ಮತ್ತು 4, ಒಟ್ಟು 12, ಅಲ್ಲಿ ಘಾತಾಂಕ ಕೂಡಿಸೋ ಮಾತೇ ಬರಲ್ಲ. 2³×3² ಬಿಡಿಸಿದ್ರೆ ಮೊದ್ಲು ಮೂರು ಸಲ ಎರಡೆರಡು, ಆಮೇಲೆ ಎರಡು ಸಲ ಮೂರ್ಮೂರು, 72 ತುದಿ. ಹಂತ ಐದೇ ಇದ್ರೂ ಎಲ್ಲಾ ಹಂತ ಒಂದೇ ಥರ ಒಡೆದಿಲ್ಲ, ಅದಕ್ಕೇ ಆಧಾರ ಒಂದೇ ಇರ್ಬೇಕು ಅಂತ ಪುಸ್ತಕದಲ್ಲಿ ಹೇಳೋದು. ಚಿತ್ರ ನೀವು ಬೋರ್ಡಲ್ಲಿ ಬಿಡಿಸ್ಬೇಡಿ, ಮಕ್ಕಳೇ ಬಿಡಿಸ್ಲಿ, 2⁵ ಬರೋ ಹೊತ್ತಿಗೆ ಜಾಗ ಸಾಲಲ್ಲ ಸಾರ್ ಅಂತ ಗೊಣಗೋಕೆ ಶುರು ಮಾಡ್ತಾರೆ, ಅದು ಒಳ್ಳೇದೇ, ಎಷ್ಟು ಬೇಗ ಬೆಳೆಯುತ್ತೆ ಅಂತ ಕೈಗೇ ಗೊತ್ತಾಯ್ತಲ್ಲ.

ವಂಶವೃಕ್ಷ ಬಿಡಿಸ್ಬೋದಲ್ವಾ, ಅಪ್ಪ-ಅಮ್ಮ 2, ಅಜ್ಜ-ಅಜ್ಜಿ 4, ಮುತ್ತಜ್ಜ-ಮುತ್ತಜ್ಜಿ 8 ಅಂತ ಅನ್ಸುತ್ತೆ. ನಮ್ಮ ಕಡೆ ಅದು ಕೈ ಕೊಡುತ್ತೆ. ಸೋದರತ್ತೆ ಮಗನ್ನ ಮದ್ವೆ ಆಗಿರೋ ಮನೆ ಮಗು ಎಣಿಸಿದ್ರೆ 8 ಬರಲ್ಲ, 6ಕ್ಕೇ ನಿಲ್ಲುತ್ತೆ, ಯಾಕಂದ್ರೆ ಇಬ್ಬರು ಎರಡೂ ಕಡೆಗೂ ಸೇರಿರ್ತಾರೆ. ಕ್ಲಾಸಲ್ಲಿ ಅದನ್ನ ಬಿಡಿಸಿ ಹೇಳ್ತಾ ಕೂತ್ರೆ ಘಾತಾಂಕ ಅಲ್ಲೇ ಉಳಿಯುತ್ತೆ.

ಋಣ ಘಾತಾಂಕಕ್ಕೆ ಕವಲು ಆಗಲ್ಲ, ಅದಕ್ಕೆ ಜೆರಾಕ್ಸ್ ಪೇಪರ್ ತಗೊಳ್ಳಿ. ಎ0 ಅನ್ನೋ ಸೈಜಿನ ಹಾಳೆ ವಿಸ್ತೀರ್ಣ 1 ಚದರ ಮೀಟರ್, ಅದನ್ನ ಅರ್ಧ ಮಾಡಿದ್ರೆ ಎ1, ಮತ್ತೆ ಅರ್ಧಕ್ಕೆ ಎ2, ಹಾಗೇ ನಾಲ್ಕು ಸಲ ಅರ್ಧ ಮಾಡಿದ್ರೆ ಎ4, ಅಂದ್ರೆ ಚದರ ಮೀಟರಿನ 1/16, ಅಂದ್ರೆ 2⁻⁴. ಹೆಸರಲ್ಲಿರೋ 4 ಅನ್ನೋದೇ ಘಾತಾಂಕ, ಮುಂದೆ ಮೈನಸ್ ಹಾಕ್ಕೊಂಡ್ರೆ ಆಯ್ತು! 210×297 ಮಿಲಿಮೀಟರಿನ 16 ಹಾಳೆ ನೆಲದ ಮೇಲೆ ನಾಲ್ಕು ನಾಲ್ಕರಂತೆ ಜೋಡಿಸಿ, ಎ0 ಎಷ್ಟು ದೊಡ್ಡದು ಅಂತ ಕಾಣುತ್ತೆ. ಬಂಡಲ್ ಮೇಲೆ 80 ಜಿಎಸ್‌ಎಂ ಅಂತ ಇರುತ್ತಲ್ಲ, ಚದರ ಮೀಟರಿಗೆ 80 ಗ್ರಾಂ ಅಂತ ಅರ್ಥ, ಹಂಗಾದ್ರೆ ಒಂದು ಎ4 ಹಾಳೆ ತೂಕ 80×2⁻⁴, ಸರಿಯಾಗಿ 5 ಗ್ರಾಂ. 500 ಹಾಳೆ ಬಂಡಲ್ಲು ಎರಡೂವರೆ ಕೆಜಿ ತೂಗ್ಬೇಕು, ಅಂಗಡಿ ತಕ್ಕಡಿ ಮೇಲೆ ಇಟ್ಟು ನೋಡಿ. ಮೈನಸ್ ಘಾತಾಂಕ ಅಂದ್ರೆ ಮೈನಸ್ ಸಂಖ್ಯೆ ಅಲ್ಲ, ಚಿಕ್ಕ ಸಂಖ್ಯೆ ಅಂತ ಇದಕ್ಕಿಂತ ಸುಲಭವಾಗಿ ಹೇಳೋದು ನನಗಂತೂ ಗೊತ್ತಿಲ್ಲ.

ಅದೇ ಹಾಳೆನ ಮಡಚಿಸ್ಬೋದು ಕೂಡ. ಏಳು ಸಲ ಮಡಚೋ ಹೊತ್ತಿಗೆ 128 ಪದರ, ಕೈಲಿ ಆಗಲ್ಲ. ಬ್ರಿಟ್ನಿ ಗ್ಯಾಲಿವನ್ ಅನ್ನೋ ಅಮೆರಿಕದ ಹೈಸ್ಕೂಲ್ ಹುಡುಗಿ 2002ರಲ್ಲಿ ಉದ್ದಾನುದ್ದ ಟಾಯ್ಲೆಟ್ ಪೇಪರನ್ನ 12 ಸಲ ಮಡಚಿ ತೋರಿಸಿದ್ಲು, 4096 ಪದರ. ಹಾಳೆ ದಪ್ಪ 0.1 ಮಿಲಿಮೀಟರ್ ಅಂತ ಇಟ್ಕೊಂಡು 42 ಸಲ ಮಡಚಿದ್ರೆ ಅಂತ ಲೆಕ್ಕ ಹಾಕ್ಸಿ, ಸುಮಾರು 4,40,000 ಕಿಲೋಮೀಟರ್ ಬರುತ್ತೆ, ಚಂದ್ರ ಇರೋದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಆಮೇಲೆ ಪ್ರತಿ ಮನೆಗೂ ಹಿಂದಿನದರ ಎರಡರಷ್ಟು ಇಡೋ ಕಥೆ ನಾನು ಹೇಳಲ್ಲ, ಅಲ್ಲಿ ಎಲ್ಲಾ ಮನೆ ಕೂಡಿಸ್ಬೇಕು, 2⁶⁴ರಲ್ಲಿ ಒಂದು ಕಳೀಬೇಕು, ಹೊಸಬರಿಗೆ ಗೊಂದಲ.

10ರ ಘಾತಕ್ಕೆ ಗ್ರಾಫ್ ಶೀಟೇ ಚಿತ್ರ. ಒಂದು ಸೆಂಟಿಮೀಟರ್ ಚೌಕದೊಳಗೆ 10² ಮಿಲಿಮೀಟರ್ ಚೌಕ, ಹತ್ತು ಸೆಂಟಿಮೀಟರ್ ಚೌಕದೊಳಗೆ 10⁴, ಗೋಡೆ ಮೇಲೆ ಚಾಕ್‌ಪೀಸಲ್ಲಿ ಒಂದು ಮೀಟರ್ ಚೌಕ ಹಾಕಿದ್ರೆ ಅದರೊಳಗೆ 10⁶, ಹತ್ತು ಲಕ್ಷ.

(−2)³ ಥರದ್ದಕ್ಕೆ ಮಾತ್ರ ಚಿತ್ರ ಹುಡುಕ್ತಾ ಹೋಗ್ಬೇಡಿ. −2, 4, −8, 16 ಅಂತ ಬೋರ್ಡ್ ಮೇಲೆ ಸಾಲಾಗಿ ಬರೆದು ಚಿಹ್ನೆ ಹೇಗೆ ಬದಲಾಗ್ತಿದೆ ನೋಡಿ ಅಂದ್ರೆ ಮಕ್ಕಳೇ ಹೇಳ್ತಾರೆ.