ಓರಗಿತ್ತಿಯ ಮಗ ಓಡುತ್ತಾನೆ, ನನ್ನ ಮಗಳು ಇನ್ನೂ ನಡೆದಿಲ್ಲ

ಪ್ರಶ್ನೆ: ನಮ್ಮದು ಕೂಡು ಕುಟುಂಬ. ನನ್ನ ಮಗಳಿಗೂ ಓರಗಿತ್ತಿಯ ಮಗನಿಗೂ ಈಗ 16 ತಿಂಗಳು. ಅವನು ಅಂಗಳದ ತುಂಬ ಓಡುತ್ತಾನೆ. 32ನೇ ವಾರಕ್ಕೇ ಹುಟ್ಟಿದ ನನ್ನ ಮಗಳು ಅಂಬೆಗಾಲನ್ನೇ ಇಡಲಿಲ್ಲ. ಕುಳಿತಲ್ಲಿಂದ ಜಾರಿಕೊಂಡೇ ಸಾಗುತ್ತಾಳೆ, ಗೋಡೆ ಹಿಡಿದು ನಿಲ್ಲುತ್ತಾಳೆ. ನೆಲದ ಮೇಲಿನ ಮಂಡಕ್ಕಿ ಹೆಕ್ಕಿ ತಿನ್ನುವುದು, ಕಾಗೆಯತ್ತ ಬೆರಳು ಮಾಡಿ ನನ್ನ ಮುಖ ನೋಡುವುದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅವನೊಂದಿಗೆ ಆಡುವುದಿಲ್ಲ, ನೆಂಟರು ಎತ್ತಿಕೊಂಡರೆ ಅಳುತ್ತಾಳೆ. ಅತ್ತೆ ವಾಕರ್ ತರಿಸಿದ್ದಾರೆ. ಡಾಕ್ಟರಿಗೆ ತೋರಿಸೋಣವೆಂದರೆ, "ಇಲ್ಲದ ರೋಗ ಹಚ್ಚಬೇಡ" ಎನ್ನುತ್ತಾರೆ. ತವರಿಗೆ ಹೋಗಿಬಿಡಲೇ ಅನ್ನಿಸುತ್ತದೆ.

ಉತ್ತರ: ನಿಮ್ಮ ಮನೆಯಲ್ಲಿ ಎರಡು ಮಕ್ಕಳ ವಯಸ್ಸನ್ನು ಒಂದೇ ದಿನದಿಂದ ಎಣಿಸುತ್ತಿರುವುದೇ ಮೊದಲ ತಪ್ಪು. ಎಂಟು ವಾರ ಮುಂಚೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎರಡು ವರ್ಷ ತುಂಬುವವರೆಗೆ, ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಬೇಕು. ಆ ಲೆಕ್ಕದಲ್ಲಿ ನಿಮ್ಮ ಮಗಳಿಗೆ ಈಗ 14 ತಿಂಗಳು. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾಪನದ ಪ್ರಕಾರ, ಆಸರೆಯಿಲ್ಲದೆ ನಡೆಯುವುದು 8ನೇ ತಿಂಗಳು ದಾಟಿದ ಮೇಲಿನಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡಲೇ ಇಲ್ಲ. ಕುಳಿತೇ ಜಾರುವ ಮಕ್ಕಳು ನಡೆಯುವುದು ಸಾಮಾನ್ಯವಾಗಿ ತುಸು ತಡ. ಸಾಗುವ ದಾರಿಯೊಂದು ಆಗಲೇ ಸಿಕ್ಕಿರುವಾಗ ಏಳುವ ಅವಸರ ಅವಕ್ಕಿರುವುದಿಲ್ಲ.

ಇನ್ನು, ನೀವು "ಬಿಟ್ಟರೆ" ಎಂದು ಬದಿಗೆ ಸರಿಸಿದ ಆ ಎರಡು ಸಂಗತಿಗಳೇ ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಬೆಲೆಯುಳ್ಳವಾಗಿ ಕಂಡವು. ಅಂಗೈಯಿಂದ ಗುಡಿಸಿ ಬಾಚಿಕೊಳ್ಳದೆ, ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಒಂದೇ ಒಂದು ಮಂಡಕ್ಕಿಯನ್ನು ಹಿಡಿದೆತ್ತುತ್ತಾಳೆಯೇ ನೋಡಿ. ಎತ್ತುತ್ತಾಳಾದರೆ ಕೈ ಮತ್ತು ಕಣ್ಣಿನ ಹೊಂದಾಣಿಕೆ ಚೆನ್ನಾಗಿ ಕೂಡಿಬಂದಿದೆ ಎಂದರ್ಥ. (ಕಡಲೆಕಾಯಿ ಬೀಜ ಮಾತ್ರ ಅವಳ ಕೈಗೆ ಸಿಗದಿರಲಿ, ಅದು ಉಸಿರುನಾಳಕ್ಕೆ ಸಿಕ್ಕಿಕೊಂಡೀತು.) ಕಾಗೆಯನ್ನು ತೋರಿಸಿ ನಿಮ್ಮ ಮುಖ ನೋಡುವುದಂತೂ ಬೆರಳಾಟವಲ್ಲ; "ನಾನು ಕಂಡದ್ದನ್ನು ನೀನೂ ನೋಡು" ಎಂಬ ಮಾತನ್ನು ಆಕೆ ಮಾತು ಬರುವ ಮೊದಲೇ ಆಡುತ್ತಿದ್ದಾಳೆ. ಹೊಸಬರ ತೋಳಿನಲ್ಲಿ ಅಳುವುದು ತನ್ನವರು ಯಾರೆಂಬ ಗುರುತು ಗಟ್ಟಿಯಾದುದರ ಲಕ್ಷಣ. ಕೂಡಿ ಆಡುವ ವಯಸ್ಸು ಇಬ್ಬರಿಗೂ ಬಂದಿಲ್ಲ: ಈ ಪ್ರಾಯದ ಮಕ್ಕಳು ಒಬ್ಬರ ಪಕ್ಕ ಒಬ್ಬರು ಕುಳಿತು ತಮ್ಮ ಪಾಡಿಗೆ ತಾವು ಆಡುತ್ತಾರೆ, ನಡುನಡುವೆ ಆಟಿಕೆ ಕಿತ್ತುಕೊಳ್ಳುತ್ತಾರೆ, ಅಷ್ಟೇ.

ವಾಕರನ್ನು ಅಟ್ಟಕ್ಕೆ ಹಾಕಿ. ಅದು ನಡಿಗೆ ಕಲಿಸುವುದಿಲ್ಲ. ಮೆಟ್ಟಿಲ ಬಳಿ ಉರುಳುವ ಅಪಾಯಕ್ಕೆ ಹೆದರಿ ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ಬರಿಗಾಲಲ್ಲಿ ನೆಲದ ಮೇಲೆ ಬಿಡಿ, ಅವಳಿಗಿಷ್ಟವಾದ ಪಾತ್ರೆಯನ್ನು ದಿವಾನದ ಮೇಲಿಡಿ; ಅದಕ್ಕಾಗಿ ಎದ್ದು, ಅಂಚು ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುವುದೇ ನಡಿಗೆಯ ಮೊದಲ ಪಾಠ.

ಹಾಗೆಂದು, ಡಾಕ್ಟರ ವಿಷಯದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ ವಹಿಸಲಾರೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಬೆಳವಣಿಗೆಯ ತಪಾಸಣೆ ರೋಗದ ಶಂಕೆಯಲ್ಲ, ಲಸಿಕೆಯಷ್ಟೇ ಸಹಜವಾದ ಕ್ರಮ, ಆದ್ದರಿಂದ ಈ ತಿಂಗಳೇ ಮಕ್ಕಳ ವೈದ್ಯರಿಗೆ ತೋರಿಸಿ. ಕಾಲುಗಳು ಬಿಗಿಯಾಗಿರುವುದು, ತುದಿಗಾಲಲ್ಲೇ ನಿಲ್ಲುವುದು, ಒಂದೇ ಕೈಯನ್ನು ಬಳಸುವುದು ಅಥವಾ ಕಲಿತದ್ದನ್ನು ಮರೆಯುವುದು ಕಂಡರೆ ಒಂದು ವಾರವೂ ಕಾಯಬೇಡಿ. ಇವು ಯಾವುವೂ ಇಲ್ಲದಿದ್ದರೂ, ಹುಟ್ಟಿದ ದಿನದ ಲೆಕ್ಕದಲ್ಲಿ 20 ತಿಂಗಳಾದಾಗ ಸ್ವಂತವಾಗಿ ಹೆಜ್ಜೆಯಿಡದಿದ್ದರೆ ಮತ್ತೆ ಹೋಗಲೇಬೇಕು. ಖರ್ಚಿನ ಚಿಂತೆಯಿದ್ದರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ತಪಾಸಣೆ ಉಚಿತ. ಎಲ್ಲಿಗೆ ಹೋಗಬೇಕೆಂದು ಅಂಗನವಾಡಿಯಲ್ಲಿ ವಿಚಾರಿಸಿ.

ತವರಿಗೆ ನಾಲ್ಕು ದಿನ ಹೋಗಿ ಬನ್ನಿ, ತಪ್ಪಿಲ್ಲ. ಆದರೆ ಹೋಲಿಕೆಯಿಂದ ತಪ್ಪಿಸಿಕೊಳ್ಳಲು ಮನೆ ಬಿಡಬೇಡಿ, ಹೋಲಿಸುವವರು ಅಲ್ಲಿಯೂ ಇರುತ್ತಾರೆ. ಅದಕ್ಕಿಂತ ಅತ್ತೆಯವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಎಂಟು ವಾರದ ಲೆಕ್ಕವನ್ನು ಸೊಸೆಯ ಬಾಯಿಂದ ಕೇಳುವುದಕ್ಕಿಂತ ವೈದ್ಯರ ಬಾಯಿಂದ ಕೇಳುವುದು ಅವರಿಗೂ ಸುಲಭ. ಹೆರಿಗೆಯ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಮಗು ಜಾರಿಕೊಂಡು ಸಾಗುವ ಅರ್ಧ ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ, ಏಕೆಂದರೆ ಆ ಹೊಸ ಕೋಣೆಯಲ್ಲಿ ಆಕೆ ನಿಮ್ಮ ಮಡಿಲು ಬಿಟ್ಟು ಕದಲುವುದು ಅನುಮಾನ.