ಸಂಘದ ದುಡ್ಡು ಯಾರ ಕಷ್ಟಕ್ಕೆ? ಕಾರ್ಮಿಕ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಕಾರ್ಮಿಕ ಸಂಘಗಳ ಬಗ್ಗೆ ಬಂದ ಐದು ಪ್ರಶ್ನೆಗಳಿಗೆ ಈ ಸಲ ಕಾರ್ಮಿಕ ಕಾನೂನಿನ ವಕೀಲರೊಬ್ಬರು ಉತ್ತರಿಸಿದ್ದಾರೆ. ಕೇಳಿದವರ ಹೆಸರು ಹಾಕಿಲ್ಲ. ಕಾರಣ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಪ್ರಶ್ನೆ: ಸರ್, ನಾವು ಕಾರಟಗಿ ಕಡೆಯ ಹಮಾಲರು. ಸಂಘ ನೋಂದಣಿ ಆಗಿದೆ. ವರ್ಷದ ಆರಂಭಕ್ಕೆ ಖಾತೆಯಲ್ಲಿ ಎರಡು ಲಕ್ಷ ಇತ್ತು, ಆಮೇಲೆ ನಲವತ್ತು ಸಾವಿರ ಚಂದಾ ಬಂದಿದೆ. ಭೀಮಾ ಹೊಳೆ ಬಂದು ಮನೆ ಕಳೆದುಕೊಂಡವರಿಗೆ ಐವತ್ತು ಸಾವಿರ ಕೊಡೋಣ ಅಂತಾರೆ ಅಧ್ಯಕ್ಷರು. "ಬೆನ್ನ ಮೇಲೆ ಚೀಲ ಹೊತ್ತು ಗಳಿಸಿದ್ದು, ನಮ್ಮ ಕಷ್ಟಕ್ಕೇ ಇರಲಿ" ಅಂತ ಕೆಲವರು ಜಗಳ ತೆಗೆದಿದ್ದಾರೆ. ಕಾನೂನು ಏನನ್ನುತ್ತದೆ?

ಉತ್ತರ: 1926ರ ಕಾರ್ಮಿಕ ಸಂಘಗಳ ಕಾಯ್ದೆಯ 15ನೇ ಸೆಕ್ಷನ್ ಇದಕ್ಕೆ ಒಂದು ಲೆಕ್ಕವನ್ನೇ ಕೊಟ್ಟಿತ್ತು. ಸಂಘದ ಸಾಮಾನ್ಯ ನಿಧಿಯನ್ನು ಆಡಳಿತದ ಖರ್ಚಿಗೆ, ಕೋರ್ಟಿನ ಖರ್ಚಿಗೆ ಬಳಸಬಹುದು. ಸದಸ್ಯರ ಕಾಯಿಲೆ, ಅಪಘಾತ, ಮುಪ್ಪು, ಸಾವು, ಕೆಲಸ ಇಲ್ಲದ ದಿನ, ಮಕ್ಕಳ ಓದು, ಮಣ್ಣು ಮಾಡುವ ಖರ್ಚು, ಇದಕ್ಕೆಲ್ಲ ಕೊಡಬಹುದು. ಇದರ ಜೊತೆಗೆ, ಒಟ್ಟಾರೆ ದುಡಿಯುವ ಜನಕ್ಕೆ ಒಳ್ಳೆಯದಾಗುವ ಕೆಲಸಕ್ಕೂ ಕೊಡಬಹುದು. ಆದರೆ ಆ ವರ್ಷದ ಆರಂಭದ ಬಾಕಿ ಮತ್ತು ಅಲ್ಲಿಯವರೆಗೆ ಬಂದ ಆದಾಯ ಕೂಡಿಸಿ, ಅದರ ನಾಲ್ಕನೇ ಒಂದು ಭಾಗ ದಾಟಬಾರದು. ನಿಮ್ಮ ಎರಡು ಲಕ್ಷ, ನಲವತ್ತು ಸಾವಿರ ಕೂಡಿಸಿದರೆ 2,40,000. ಕಾಲು ಭಾಗ ಅಂದರೆ 60,000. ಐವತ್ತು ಸಾವಿರ ಮಿತಿಯೊಳಗೇ ಇದೆ.

ಮೊತ್ತ ಸರಿ ಇದ್ದರೆ ಸಾಲದು, ಯಾರಿಗೆ ಹೋಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕಾಯ್ದೆ ಹೇಳಿದ್ದು ದುಡಿಯುವವರ ಬಗ್ಗೆ. ಹೊಳೆ ದಂಡೆಯ ಕೂಲಿಕಾರರ ಕುಟುಂಬಗಳಿಗೆ ನೇರವಾಗಿ ಕೊಟ್ಟರೆ ತಕರಾರಿಗೆ ಜಾಗ ಕಡಿಮೆ. ಇನ್ನೊಂದು ವಿಷಯ. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಖರ್ಚಿನ ಪಟ್ಟಿಯನ್ನು ಅದು ನಿಯಮಗಳಿಗೆ ಬಿಟ್ಟಿದೆ. ಠರಾವು ಮಾಡುವ ಮುಂಚೆ ನಿಮ್ಮ ಬೈಲಾ ತೆಗೆದು ನೋಡಿ, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಈಗಿನ ನಿಯಮ ಕೇಳಿ.

ನನ್ನನ್ನು ಕೇಳಿದರೆ, ಸಾಮಾನ್ಯ ನಿಧಿಗೆ ಕೈ ಹಾಕಬೇಡಿ. ಹೊಳೆ ಸಂತ್ರಸ್ತರಿಗೆ ಅಂತಲೇ ಬೇರೆ ವಂತಿಗೆ ಎತ್ತಿ. ಇಷ್ಟ ಇದ್ದವರು ಕೊಡಲಿ, ಪ್ರತಿಯೊಬ್ಬರಿಗೂ ರಸೀದಿ ಹರಿದು ಕೊಡಿ. ಜಗಳ ತೆಗೆದವರು ಜಿಪುಣರಲ್ಲ. ಹಮಾಲರ ಕೂಲಿ ನಿಂತಿರುವುದು ಭತ್ತದ ಮೇಲೆ. ಭತ್ತ ನಿಂತಿರುವುದು ತುಂಗಭದ್ರೆಯ ನೀರಿನ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಎಡದಂಡೆಯ ಊರುಗಳಲ್ಲಿ ಯಾರಿಗೆ ನಿದ್ದೆ ಬಂತು? ಎರಡನೇ ಬೆಳೆಗೆ ನೀರಿಲ್ಲ ಅಂದರೆ ಮಿಲ್ಲಿಗೆ ಚೀಲ ಬರುವುದಿಲ್ಲ. ಆ ಖಾಲಿ ತಿಂಗಳಿಗೆ ನಿಮ್ಮ ನಿಧಿಯೇ ಗತಿ. ಹಾಗಂತ ಹೊಳೆ ದಂಡೆಯವರಿಗೆ ಬೆನ್ನು ತಿರುಗಿಸಿ ಅಂತ ಅಲ್ಲ. ವಂತಿಗೆಯಿಂದ ಎಷ್ಟು ಬಂದರೆ ಅಷ್ಟು ಕೊಡಿ. ಜೊತೆಗೆ ಹತ್ತು ಜನ ಹೋಗಿ ಎರಡು ದಿನ ಮನೆಯ ಕೆಸರು ತೆಗೆದುಕೊಟ್ಟರೆ ಅದಕ್ಕೆ ಯಾವ ಸೆಕ್ಷನ್ನೂ ಬೇಡ. ಚೀಲ ಹೊರುವವರ ತೋಳಿಗೆ ಆ ಕೆಲಸ ಏನು ಮಹಾ!

ಪ್ರಶ್ನೆ: ನಾನು ಸಂಡೂರು ತಾಲ್ಲೂಕಿನಲ್ಲಿ ಗುತ್ತಿಗೆ ಕಾರ್ಮಿಕ. ನಮ್ಮ ಜೊತೆಗಿದ್ದ ಜಾರ್ಖಂಡಿನ ಹುಡುಗ, ಮೂವತ್ತು ವರ್ಷ, ಎತ್ತರದಿಂದ ಬಿದ್ದು ತೀರಿಕೊಂಡ. ಗುತ್ತೇದಾರ ಒಂದೂವರೆ ಲಕ್ಷ ಕೊಟ್ಟು, ಛಾಪಾ ಕಾಗದದ ಮೇಲೆ ತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹೆಣ ಊರಿಗೆ ಕಳಿಸಿದ. ನಾವೂ ಕೈಲಾದಷ್ಟು ಕೂಡಿಸಿ ಕೊಟ್ಟೆವು. ಮಾನವೀಯತೆಯ ಕೆಲಸ ಮಾಡಿದೆವು ಅಂತ ಸಮಾಧಾನ ಮಾಡಿಕೊಂಡಿದ್ದೇವೆ. ಇನ್ನೇನಾದರೂ ಬಾಕಿ ಇದೆಯೇ?

ಉತ್ತರ: ದೊಡ್ಡ ಕೆಲಸವೇ ಬಾಕಿ ಇದೆ.

ನೀವು ದುಡ್ಡು ಕೂಡಿಸಿದ್ದು ತಪ್ಪಲ್ಲ. ಹೆಣ ಮನೆ ಮುಟ್ಟುವ ಹೊತ್ತಿಗೆ ಆ ಮನೆಯಲ್ಲಿ ಕೈಯಲ್ಲಿ ಕಾಸು ಬೇಕಿತ್ತು. ಆದರೆ ಹೊಳೆ ಬಂದು ಮನೆ ಹೋದರೆ ಆ ನಷ್ಟ ಕೊಡಬೇಕಾದ ಮಾಲೀಕ ಅಂತ ಯಾರೂ ಇರುವುದಿಲ್ಲ, ಅಲ್ಲಿ ವಂತಿಗೆ ಬೇಕು. ಕೆಲಸದ ಜಾಗದಲ್ಲಿ ಜೀವ ಹೋದರೆ ಕೊಡಬೇಕಾದವರು ಇರುತ್ತಾರೆ. ಅವರನ್ನು ಬಿಟ್ಟು ನಾವು ನಾವೇ ಜೇಬು ತಡಕಿಕೊಂಡರೆ ಅವರಿಗೆ ಅನುಕೂಲ. ನಮ್ಮ ಜಿಲ್ಲೆಗಳ ಸಂಘಗಳು ಎಡವುವುದು ಇಲ್ಲೇ ಜಾಸ್ತಿ. ಮೇಣದ ಬತ್ತಿ ಹಚ್ಚುತ್ತಾರೆ, ಹಣ ಕೂಡಿಸುತ್ತಾರೆ, ಅರ್ಜಿ ಮಾತ್ರ ಹಾಕುವುದಿಲ್ಲ.

ಲೆಕ್ಕ ನೋಡಿ. ಅವನಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರಲಿಲ್ಲ ಅಂದುಕೊಳ್ಳಿ. ಆಗ ಸಾವಿನ ಪರಿಹಾರದ ಸೂತ್ರ ಇದು: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಮೂವತ್ತು ವರ್ಷಕ್ಕೆ ಆ ಅಂಕಿ 207.98. ಕೂಲಿ 15,000 ಅಂತ ಹಿಡಿದರೆ 7,500 ಗುಣಿಸು 207.98, ಅಂದರೆ 15,59,850 ರೂಪಾಯಿ. ಗುತ್ತೇದಾರ ಕೊಟ್ಟ ಒಂದೂವರೆ ಲಕ್ಷವನ್ನು ಇದರ ಪಕ್ಕ ಇಟ್ಟು ನೋಡಿ.

ಹೆಬ್ಬೆಟ್ಟು ಒತ್ತಿದ ಕಾಗದಕ್ಕೆ ಹೆದರಬೇಡಿ. ಸಾವಿನ ಪರಿಹಾರವನ್ನು ಕಾನೂನು ನೇಮಿಸಿದ ಅಧಿಕಾರಿಯ ಬಳಿಯೇ ಜಮಾ ಮಾಡಬೇಕು ಅನ್ನುವುದು 1923ರ ಪರಿಹಾರ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದನ್ನು ಪರಿಹಾರ ಕೊಟ್ಟಂತೆ ಅದು ಒಪ್ಪುತ್ತಿರಲಿಲ್ಲ. ಹೆಚ್ಚೆಂದರೆ ಮೂರು ತಿಂಗಳ ಕೂಲಿಯಷ್ಟನ್ನು ಮುಂಗಡ ಅಂತ ಹಿಡಿಯಬಹುದಿತ್ತು. ಗುತ್ತೇದಾರ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರ ಮೇಲೂ ಹೊಣೆ ಬರುತ್ತದೆ. ಹೆಂಡತಿ ಜಾರ್ಖಂಡಿನಿಂದ ಬಳ್ಳಾರಿಗೆ ಓಡಾಡಬೇಕಾಗಿಯೂ ಇಲ್ಲ. ಅವರು ಇರುವ ಜಾಗದಲ್ಲೇ ಅರ್ಜಿ ಹಾಕುವ ಅವಕಾಶ ಇದೆ. ಎರಡು ವರ್ಷದ ಗಡುವನ್ನು ಮಾತ್ರ ಮೀರಬೇಡಿ.

ಇಎಸ್‌ಐ ಇದ್ದರೆ ದಾರಿ ಬೇರೆ. ಆಗ ಇಡಿಗಂಟು ಸಿಗುವುದಿಲ್ಲ. ಕೂಲಿಯ ಶೇಕಡ 90ರಷ್ಟನ್ನು ಹೆಂಡತಿ, ಮಕ್ಕಳು ಮುಂತಾದ ಅವಲಂಬಿತರಿಗೆ ಪಾಲು ಮಾಡಿ ತಿಂಗಳು ತಿಂಗಳು ಕೊಡುತ್ತಾರೆ. ಎರಡರಲ್ಲಿ ಒಂದು, ಎರಡೂ ಅಲ್ಲ. ಪಿಎಫ್ ಕಟ್ಟುತ್ತಿದ್ದರೆ ಅದರ ಜೊತೆಗಿರುವ ವಿಮೆಯಿಂದ 7 ಲಕ್ಷದವರೆಗೆ ಬರಬಹುದು. ಇದನ್ನು ಬಹಳ ಜನ ಕೇಳುವುದೇ ಇಲ್ಲ.

ಸಂಘ ಈಗ ಮಾಡಬೇಕಾದದ್ದು ಕಾಗದ ಕೂಡಿಸುವ ಕೆಲಸ. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಗೇಟ್ ಪಾಸಿನ ಫೋಟೊ, ಕೂಲಿ ಜಮಾ ಆದ ಬ್ಯಾಂಕ್ ಪುಟ, ಅವತ್ತು ಪಾಳಿಯಲ್ಲಿದ್ದ ಇಬ್ಬರ ಹೇಳಿಕೆ. ಆಮೇಲೆ ಹಿಂದಿ ಚೆನ್ನಾಗಿ ಬರುವ ಒಬ್ಬರು ಆ ಮನೆಗೆ ಫೋನ್ ಮಾಡಿ ನಿಧಾನವಾಗಿ ವಿವರಿಸಬೇಕು. ನಮ್ಮ ಕಡೆಯಿಂದಲೂ ಗುಳೆ ಹೋದ ಮಂದಿ ಬೆಂಗಳೂರಿನ ಕಟ್ಟಡಗಳಲ್ಲಿ ಬೀಳುತ್ತಾರೆ. ಅಲ್ಲಿ ಅವರ ಕಾಗದ ಕೂಡಿಸಿಕೊಡುವವರು ಯಾರೋ ಇರಲಿ ಅಂತ ನಾವೂ ಬಯಸುತ್ತೇವಲ್ಲ.

ಪ್ರಶ್ನೆ: ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಲಸ. ನಮ್ಮ ಮುಖಂಡರು ಒಂದು ದಿನ ರಕ್ತದಾನ, ಇನ್ನೊಂದು ದಿನ ಎಲ್ಲೋ ದೂರದ ದೇಶದ ಯುದ್ಧ ನಿಲ್ಲಿಸಿ ಅಂತ ಮೆರವಣಿಗೆ ಮಾಡುತ್ತಾರೆ. ನಮ್ಮ ಕೂಲಿ ಏರಿ ಮೂರು ವರ್ಷವಾಯಿತು. ಇದೆಲ್ಲ ಸಂಘದ ಕೆಲಸವೇ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕೂಲಿ ಮಾತುಕತೆ ಮಾಡದ ಸಂಘ ಎಷ್ಟು ರಕ್ತ ಕೊಟ್ಟರೂ ಅದು ಸೇವಾ ಸಮಿತಿಯೇ. ಮುಂದಿನ ಸಭೆಯಲ್ಲಿ ಮೊದಲ ವಿಷಯವೇ ಕೂಲಿ ಆಗಲಿ ಅಂತ ಪಟ್ಟು ಹಿಡಿಯಿರಿ.

ಆದರೆ ಇದು ಸಂಘದ ಕೆಲಸವೇ ಅಲ್ಲ ಅಂದರೆ ನಾನು ಒಪ್ಪುವುದಿಲ್ಲ. ಛತ್ತೀಸಗಡದ ದಲ್ಲಿ ರಾಜಹರಾ ನಮ್ಮ ಸಂಡೂರಿನ ಹಾಗೆ ಕಬ್ಬಿಣದ ಅದಿರಿನ ಊರು. ಭಿಲಾಯಿ ಕಾರ್ಖಾನೆಗೆ ಅದಿರು ಅಲ್ಲಿಂದ ಹೋಗುತ್ತದೆ. 1977ರಲ್ಲಿ ಅಲ್ಲಿನ ಗುತ್ತಿಗೆ ಕಾರ್ಮಿಕರು ಮುಖಂಡ ಶಂಕರ್ ಗುಹಾ ನಿಯೋಗಿ ಅವರ ಜೊತೆ ಸಂಘ ಕಟ್ಟಿದರು. ಅದೇ ವರ್ಷ ಪೊಲೀಸ್ ಗೋಲಿಬಾರಿನಲ್ಲಿ ಹನ್ನೊಂದು ಜನ ಸತ್ತರು. ಸಂಘ ಕೂಲಿಗೆ ಹೋರಾಡಿತು. ಆ ಕೂಲಿ ಸಾರಾಯಿ ಅಂಗಡಿಗೆ ಹೋಗದ ಹಾಗೆ ಕುಡಿತದ ವಿರುದ್ಧವೂ ನಿಂತಿತು. ಗುತ್ತಿಗೆಯವರಿಗೆ ಸರಿಯಾದ ಆಸ್ಪತ್ರೆ ಇರಲಿಲ್ಲ. ಅವರೇ ಚಂದಾ ಹಾಕಿ, ಅವರೇ ದುಡಿದು ಶಹೀದ್ ಆಸ್ಪತ್ರೆ ಕಟ್ಟಿದರು. 1983ರ ಜೂನ್ 3ರಂದು ಅದು ತೆರೆಯಿತು. ನಿಯೋಗಿ ಅವರನ್ನು 1991ರಲ್ಲಿ ಕೊಂದರು, ಆಸ್ಪತ್ರೆ ಉಳಿಯಿತು. ಅಲ್ಲಿ ಕೂಲಿ ಹೋರಾಟ ಗೆದ್ದ ಸಂಘಕ್ಕೇ ಆಸ್ಪತ್ರೆ ಕಟ್ಟುವ ಶಕ್ತಿ ಬಂತು. ಆಸ್ಪತ್ರೆ ಕಟ್ಟಿದ ಸಂಘದ ಹಿಂದೆ ಊರೇ ನಿಂತಿತು.

ದೂರದ ದೇಶದ ವಿಷಯಕ್ಕೆ ಬಂದರೆ, 1984ರ ಜುಲೈನಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಒಂದು ಅಂಗಡಿಯ ಕ್ಯಾಶ್ ಕೌಂಟರಿನಲ್ಲಿದ್ದ ಮೇರಿ ಮ್ಯಾನಿಂಗ್ ಎಂಬ ಯುವತಿ, ದಕ್ಷಿಣ ಆಫ್ರಿಕಾದಿಂದ ಬಂದ ಹಣ್ಣಿಗೆ ಬಿಲ್ ಹಾಕುವುದಿಲ್ಲ ಅಂದರು. ಅಲ್ಲಿನ ವರ್ಣಭೇದವನ್ನು ವಿರೋಧಿಸಿ ಸಂಘ ಮಾಡಿದ್ದ ತೀರ್ಮಾನ ಅದು. ಅವರನ್ನು ಅಮಾನತು ಮಾಡಿದರು, ಜೊತೆಯವರು ಮುಷ್ಕರಕ್ಕೆ ಇಳಿದರು. ಸುಮಾರು ಮೂರು ವರ್ಷ ಬಿಡಲಿಲ್ಲ. 1987ರಲ್ಲಿ ಐರ್ಲೆಂಡ್ ಸರ್ಕಾರವೇ ಆ ಹಣ್ಣು, ತರಕಾರಿಯ ಆಮದನ್ನು ನಿಷೇಧಿಸಿತು. ಇದಕ್ಕೆ ಬೆಲೆ ಬಂದದ್ದು ಅವರು ತಮ್ಮದೇ ಕೆಲಸದ ಜಾಗದಲ್ಲಿ, ತಮ್ಮ ಸಂಬಳ ಕಳೆದುಕೊಂಡು ಮಾಡಿದ್ದರಿಂದ. ಸುಮ್ನೆ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಬರುವುದಕ್ಕೆ ನಿಮ್ಮಷ್ಟೇ ನನಗೂ ಬೇಜಾರು.

ಪ್ರಶ್ನೆ: ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟ್ ಹೊಲಿಯುತ್ತೇನೆ. ಪೀಸಿಗೆ ಇಷ್ಟು ಅಂತ ಕೂಲಿ. ನಮಗೆ ಮಾಲೀಕ ಯಾರು ಅನ್ನುವುದೇ ಗೊತ್ತಿಲ್ಲ. ನಮ್ಮಂಥ ಹೆಣ್ಣುಮಕ್ಕಳು ಸಂಘ ಮಾಡಬಹುದಾ ಸರ್?

ಉತ್ತರ: ಮಾಡಬಹುದು ಅಕ್ಕ. ಕೈಗಾರಿಕಾ ಸಂಬಂಧಗಳ ಹೊಸ ಸಂಹಿತೆಯಲ್ಲೂ ಸಂಘ ಕಟ್ಟುವ ವಿಷಯಕ್ಕೆ ಅಸಂಘಟಿತ ವಲಯದವರನ್ನು ಕಾರ್ಮಿಕರೆಂದೇ ಹಿಡಿದಿದ್ದಾರೆ. ಮನೆಯಲ್ಲಿ ಕೂತು ದುಡಿಯುವವರೂ ಅದರಲ್ಲಿ ಬರುತ್ತಾರೆ. ನೋಂದಣಿ ಅರ್ಜಿಗೆ ಕನಿಷ್ಠ ಏಳು ಜನ ಬೇಕು. ಆ ಉದ್ಯಮದ ಶೇಕಡ ಹತ್ತು ಅಥವಾ ನೂರು ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಬಳ್ಳಾರಿಯಲ್ಲಿ ಹೊಲಿಯುವವರು ಎಷ್ಟು ಜನ ಅಂತ ನಿಮಗೇ ಗೊತ್ತಲ್ಲ, ಹಾಗಾಗಿ ನೂರು ಜನರ ಸಹಿ ಗುರಿ ಇಟ್ಟುಕೊಳ್ಳಿ. ಸಂಘ ಆಗುವವರೆಗೆ ಕಾಯದೆ, ಅಸಂಘಟಿತ ಕಾರ್ಮಿಕರ ಹೆಸರು ದಾಖಲಿಸುವ ಇ-ಶ್ರಮ್ ಕಾರ್ಡ್ ಮಾಡಿಸಿ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಟೈಲರ್‌ಗಳೂ ಇದ್ದಾರೆ, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಮಾಲೀಕ ಯಾರೆಂದು ಗೊತ್ತಿಲ್ಲದಿರುವುದು ಬಟ್ಟೆ ಧಂದೆಯ ಹಳೆಯ ಕಾಯಿಲೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತಾಗ, ಯಾವ ಬ್ರ್ಯಾಂಡಿನ ಬಟ್ಟೆ ಅಲ್ಲಿ ಹೊಲಿಯುತ್ತಿದ್ದರು ಅಂತ ಅವಶೇಷದಲ್ಲಿ ಸಿಕ್ಕ ಲೇಬಲ್ ನೋಡಿ ಹುಡುಕಬೇಕಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಮುಂದಿನ ತಿಂಗಳೇ ದೊಡ್ಡ ಬ್ರ್ಯಾಂಡುಗಳನ್ನು ಕಾನೂನಿನಂತೆ ಬದ್ಧವಾಗುವ ಸುರಕ್ಷತಾ ಒಪ್ಪಂದಕ್ಕೆ ತಂದವು. ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಯಾರು ಬಟ್ಟೆ ತಂದರು, ಯಾವ ಲೇಬಲ್, ಎಷ್ಟು ಪೀಸು, ಎಷ್ಟು ಕೊಟ್ಟರು ಅಂತ ಬರೆಯಿರಿ. ನಾಳೆ ಮಾತುಕತೆಗೆ ಕೂತಾಗ ಆ ನೋಟ್‌ಬುಕ್ಕೇ ನಿಮ್ಮ ಸಾಕ್ಷಿ.

ಪ್ರಶ್ನೆ: ಕೊಪ್ಪಳದ ಹತ್ತಿರ ಕಾರ್ಖಾನೆಯೊಂದರಲ್ಲಿ ಕೆಲಸ. ಧೂಳಿನ ವಿರುದ್ಧ ಊರವರು ಹೋರಾಟಕ್ಕೆ ಕರೆಯುತ್ತಿದ್ದಾರೆ. ಹೋದರೆ ಕೆಲಸಕ್ಕೆ ಕುತ್ತು, ಹೋಗದಿದ್ದರೆ ಊರಲ್ಲಿ ಮುಖ ತೋರಿಸುವ ಹಾಗಿಲ್ಲ. ಸಂಘ ಏನು ಮಾಡಬೇಕು?

ಉತ್ತರ: 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಕೊಪ್ಪಳ ಬಂದ್ ಆದಾಗ ಗವಿಮಠದ ಸ್ವಾಮೀಜಿಯವರೇ ಬೀದಿಗೆ ಬಂದಿದ್ದರು. ಊರಿನ ನೋವು ಅಷ್ಟು ದೊಡ್ಡದು. ಆ ಧೂಳು ಊರವರ ಛಾವಣಿ ಮೇಲೆ ಬೀಳುವ ಮುಂಚೆ ನಿಮ್ಮ ಎದೆಗೆ ಇಳಿದಿರುತ್ತದೆ. ಆದ್ದರಿಂದ ಇದು ಊರವರ ವಿಷಯ, ನಮ್ಮದಲ್ಲ ಅನ್ನುವ ಹಾಗಿಲ್ಲ.

ಊರವರ ಹತ್ತಿರ ಇಲ್ಲದ ಒಂದು ಅಸ್ತ್ರ ನಿಮ್ಮ ಹತ್ತಿರ ಇದೆ. ಭೋಪಾಲ್ ದುರಂತದ ನಂತರ, 1987ರಲ್ಲಿ, ಫ್ಯಾಕ್ಟರಿ ಕಾಯ್ದೆಗೆ ಹೊಸ ಅಧ್ಯಾಯ ಸೇರಿಸಿದರು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗಳ ಪಟ್ಟಿಯಲ್ಲಿ ಕಬ್ಬಿಣ, ಉಕ್ಕಿನ ಉದ್ಯಮವೂ ಇದೆ. ಅಂಥಲ್ಲಿ ಕಾರ್ಮಿಕರ ಆರೋಗ್ಯದ ದಾಖಲೆ ಇಡಬೇಕು, ಅದನ್ನು ಕಾರ್ಮಿಕರು ನೋಡಬಹುದು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರೂ ಕೂರಬೇಕು ಅಂತ ಬಂತು. ಈಗ ಇದು ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಕೆಳಗೆ ಬರುತ್ತದೆ. ಸಂಘದ ಲೆಟರ್‌ಹೆಡ್ ಮೇಲೆ ಎರಡು ವಿಷಯ ಬರೆದು ಕೇಳಿ: ನಮ್ಮ ಶ್ವಾಸಕೋಶದ ಪರೀಕ್ಷೆಯ ವರದಿ ಕೊಡಿ, ಧೂಳು ಹಿಡಿಯುವ ಯಂತ್ರ ರಾತ್ರಿ ಪಾಳಿಯಲ್ಲೂ ಓಡುತ್ತಿದೆಯೇ ತಿಳಿಸಿ. ಎರಡನೆಯದಕ್ಕೆ ಉತ್ತರ ನಿಮಗೆ ಮೊದಲೇ ಗೊತ್ತಿರುತ್ತದೆ. ಆದರೂ ಬರವಣಿಗೆಯಲ್ಲಿ ಕೇಳಬೇಕು.

ಬಂದ್ ದಿನದ ಬಗ್ಗೆ ಒಂದು ಎಚ್ಚರಿಕೆ. ಕೈಗಾರಿಕಾ ಸಂಬಂಧಗಳ ಹೊಸ ಸಂಹಿತೆಯ ಪ್ರಕಾರ ಮುಷ್ಕರಕ್ಕೆ ಹದಿನಾಲ್ಕು ದಿನ ಮುಂಚೆ ನೋಟಿಸ್ ಕೊಡಬೇಕು. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೂ ಅದನ್ನು ಮುಷ್ಕರ ಅಂತಲೇ ಎಣಿಸುತ್ತಾರೆ. ಹಾಗಾಗಿ ವಾರದ ರಜೆ ಇದ್ದವರು ಮತ್ತು ಪಾಳಿ ಮುಗಿಸಿದವರು ಮೆರವಣಿಗೆಗೆ ಹೋಗಲಿ. ಉಳಿದವರ ಪರವಾಗಿ ಸಂಘದ ಬೆಂಬಲದ ಪತ್ರವನ್ನು ಅವರೇ ಅಲ್ಲಿ ಓದಲಿ.