ಟ್ರಯಲ್‌ಗೆ ಹೆಸರು ಕೊಡುವ ಮುಂಚೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದದ್ದು ಕ್ಲಿನಿಕಲ್ ಟ್ರಯಲ್ ಬಗ್ಗೆ, ಅಂದರೆ ಮದ್ದು, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಪ್ರಯೋಗಗಳ ಬಗ್ಗೆ. ವಿಶ್ವವಿದ್ಯಾಲಯಗಳು ಮುಂದೆ ಶುರುವಾಗಲಿರುವ ಟ್ರಯಲ್‌ಗಳ ಪಟ್ಟಿ ಹಾಕುತ್ತವೆ, ಓದಿದರೆ ತಲೆಬುಡ ಗೊತ್ತಾಗುವುದಿಲ್ಲ ಎಂಬುದು ಎಲ್ಲರ ದೂರು. ದೂರು ನ್ಯಾಯವಾಗಿಯೇ ಇದೆ.

ಪ್ರಶ್ನೆ: ನನಗೆ ಮಂಡಿ ಸವೆತದ ನೋವು. ಒಂದು ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಇದಕ್ಕೊಂದು ಟ್ರಯಲ್ ಇದೆ. ಕೆಳಗೆ 'ರ‍್ಯಾಂಡಮೈಸ್ಡ್, ಡಬಲ್ ಬ್ಲೈಂಡ್, ಪ್ಲಾಸಿಬೋ ಕಂಟ್ರೋಲ್ಡ್, ಫೇಸ್ 2, ನಾಟ್ ಯೆಟ್ ರಿಕ್ರೂಟಿಂಗ್' ಎಂದು ಬರೆದಿದ್ದಾರೆ. ಏನಿದು? ಈಗಲೇ ಹೆಸರು ಕೊಡಬಹುದಾ?

ಉತ್ತರ: ಕೊನೆಯಿಂದ ಶುರು ಮಾಡೋಣ, ನಿಮಗೆ ಬೇಕಾದದ್ದು ಅಲ್ಲೇ ಇದೆ. 'ನಾಟ್ ಯೆಟ್ ರಿಕ್ರೂಟಿಂಗ್' ಅಂದರೆ ಯೋಜನೆ ಸಿದ್ಧವಾಗಿದೆ, ಜನರನ್ನು ಇನ್ನೂ ಸೇರಿಸಿಕೊಳ್ಳುತ್ತಿಲ್ಲ. ಎಲ್ಲೋ ಒಂದು ಒಪ್ಪಿಗೆ ಬಾಕಿ ಇರಬಹುದು, ಔಷಧ ಬಂದಿರದೆ ಇರಬಹುದು. ಅಲ್ಲಿ ಹಾಕಿರುವ ಆರಂಭದ ತಿಂಗಳು ಬರೀ ಅಂದಾಜು, ಸಾಮಾನ್ಯವಾಗಿ ಮುಂದಕ್ಕೆ ಹೋಗುತ್ತದೆ, ಕೆಲವು ಟ್ರಯಲ್‌ಗಳು ಶುರುವಾಗುವುದೇ ಇಲ್ಲ. ಪಟ್ಟಿಯಲ್ಲಿ ಸಂಪರ್ಕದ ವಿವರ ಇದ್ದರೆ ಕೇಳಿ ನೋಡಿ, ಆಸಕ್ತಿ ಇದೆ ಎಂದು ತಿಳಿಸಿಡಿ. ಆದರೆ ಅದನ್ನೇ ನಂಬಿಕೊಂಡು ಈಗಿನ ಚಿಕಿತ್ಸೆ ನಿಲ್ಲಿಸಬೇಡಿ.

ಇನ್ನು ಉಳಿದ ಪದಗಳು. ಯಾರಿಗೆ ಯಾವ ಮದ್ದು ಎಂದು ಆರಿಸುವುದು ಡಾಕ್ಟರಲ್ಲ, ಕಂಪ್ಯೂಟರು, ಅದೂ ಲೆಕ್ಕಾಚಾರವಿಲ್ಲದೆ ಚೀಟಿ ಎತ್ತಿದ ಹಾಗೆ. ಅದು ರ‍್ಯಾಂಡಮೈಸ್ಡ್. ನಿಮಗೆ ಸಿಕ್ಕಿದ್ದು ಯಾವುದು ಎಂದು ನಿಮಗೂ ಗೊತ್ತಿರುವುದಿಲ್ಲ, ನಿಮ್ಮನ್ನು ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ ಅನ್ನುವುದು ಡಬಲ್ ಬ್ಲೈಂಡ್. ಪ್ಲಾಸಿಬೋ ಅಂದರೆ ನೋಡಲು ಅದೇ ಥರ ಇರುವ, ಒಳಗೆ ಔಷಧವಿಲ್ಲದ ಮಾತ್ರೆ ಅಥವಾ ಇಂಜೆಕ್ಷನ್. ಫೇಸ್ ಅಂದರೆ ಪರೀಕ್ಷೆಯ ಹಂತ. ಫೇಸ್ 1ರಲ್ಲಿ ಕೆಲವೇ ಜನರ ಮೇಲೆ ಮುಖ್ಯವಾಗಿ ಸುರಕ್ಷತೆ ನೋಡುತ್ತಾರೆ. ಫೇಸ್ 2ರಲ್ಲಿ ಹತ್ತಾರು, ನೂರಾರು ಜನ. ಕೆಲಸ ಮಾಡುತ್ತದೆಯಾ, ಎಷ್ಟು ಡೋಸ್ ಬೇಕು ಎಂಬ ಪ್ರಶ್ನೆ ಇಲ್ಲಿ. ಫೇಸ್ 3ರಲ್ಲಿ ನೂರಾರು, ಸಾವಿರಾರು ಜನ. ಹಾಗಾಗಿ ನಿಮ್ಮ ಮಂಡಿ ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಈಗ ಯಾರಿಗೂ ಗೊತ್ತಿಲ್ಲ, ಟ್ರಯಲ್ ನಡೆಸುವವರಿಗೂ.

ಒಂದು ಮಾತು ಸೇರಿಸುತ್ತೇನೆ. ಆ ಪಟ್ಟಿಯಲ್ಲಿ 'ಪ್ರೈಮರಿ ಔಟ್‌ಕಮ್' ಎಂಬ ಸಾಲು ಇರುತ್ತದೆ, ನಾನು ಮೊದಲು ಓದುವುದೇ ಅದನ್ನು. '12 ವಾರದ ಕೊನೆಗೆ ನಡೆಯುವಾಗಿನ ನೋವಿನ ಅಂಕ' ಅಂತಲೋ ಏನೋ ಇರುತ್ತದೆ. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಎಲ್ಲರೆದುರು ಬರೆದಿಟ್ಟರೆ, ಆಮೇಲೆ ಲೆಕ್ಕ ಸರಿಬರಲಿಲ್ಲವೆಂದು ಸುಮ್ನೆ ಬೇರೆ ಅಳತೆಗೆ ಹಾರಲು ಕಷ್ಟ. ಮೊದಲ ರೋಗಿ ಸೇರುವ ಮುಂಚೆ ನೋಂದಾಯಿಸದ ಟ್ರಯಲ್‌ನ ಫಲಿತಾಂಶ ಪ್ರಕಟಿಸುವುದಿಲ್ಲ ಎಂದು ದೊಡ್ಡ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಿಂದ ಪಟ್ಟು ಹಿಡಿದರು. ಈ ಪಟ್ಟಿಗಳು ಇಷ್ಟು ಬೆಳೆಯಲು ಅದೂ ಒಂದು ಕಾರಣ.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್. ಟ್ರಯಲ್‌ಗೆ ಸೇರಿಸಿದರೆ ಖಾಲಿ ಮಾತ್ರೆ ಕೊಟ್ಟು ಕೂರಿಸುತ್ತಾರಾ? ಇದು ಮೋಸ ಅಲ್ವಾ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಕೆಲಸ ಮಾಡುವ ಚಿಕಿತ್ಸೆ ಈಗಾಗಲೇ ಇರುವಾಗ ಅದನ್ನು ಕಿತ್ತುಕೊಂಡು ಬರೀ ಖಾಲಿ ಮಾತ್ರೆ ಕೊಡುವುದು ಕ್ಯಾನ್ಸರ್ ಟ್ರಯಲ್‌ಗಳಲ್ಲಿ ನಡೆಯುವ ಕ್ರಮವಲ್ಲ. ಸಾಮಾನ್ಯವಾಗಿ ಎರಡೂ ಗುಂಪಿಗೆ ಈಗಿನ ಚಿಕಿತ್ಸೆ ಸಿಗುತ್ತದೆ, ಅದರ ಜೊತೆಗೆ ಒಂದು ಗುಂಪಿಗೆ ಹೊಸ ಮದ್ದು. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆ ಹೇಗಿರಬೇಕು ಎಂದು ಹೇಳುವ, ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ತಂದ ಹೆಲ್ಸಿಂಕಿ ಘೋಷಣೆಯ ಈಗಿನ ರೂಪವೂ ಹೊಸದನ್ನು ಇರುವುದರಲ್ಲಿ ಒಳ್ಳೆಯದರ ಜೊತೆ ಹೋಲಿಸಿ ಎನ್ನುತ್ತದೆ. ಬರೀ ಪ್ಲಾಸಿಬೋಗೆ ಬಿಗಿಯಾದ ಷರತ್ತುಗಳಿವೆ.

ನನಗೆ ತಕರಾರು ಇರುವುದು ಇನ್ನೊಂದು ಕಡೆ. ಹೊಸ ಮದ್ದು ಸಿಕ್ಕವರೇ ಅದೃಷ್ಟವಂತರು ಎಂದು ನಾವು ಲೆಕ್ಕ ಹಾಕಿಬಿಟ್ಟಿರುತ್ತೇವೆ. ಅಮೆರಿಕದಲ್ಲಿ ನಡೆದ ಕಾಸ್ಟ್ ಎಂಬ ಟ್ರಯಲ್ ನೋಡಿ. ಹೃದಯಾಘಾತ ಆದವರಲ್ಲಿ ಎದೆಬಡಿತ ತಾಳ ತಪ್ಪುತ್ತದೆ, ಅದನ್ನು ಸರಿಮಾಡುವ ಮಾತ್ರೆಗಳಿದ್ದವು, ಡಾಕ್ಟರುಗಳು ನಂಬಿ ಬರೆದುಕೊಡುತ್ತಿದ್ದರು. ಇಸಿಜಿ ನೋಡಿದರೆ ತಾಳವೂ ಸರಿಯಾಗುತ್ತಿತ್ತು. ಆದರೆ 1989ರಲ್ಲಿ ಅಂಕಿಅಂಶ ತೆರೆದಾಗ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಎರಡು ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಜಾಸ್ತಿ. ಆ ಮಾತ್ರೆಗಳನ್ನು ನಡುವೆಯೇ ನಿಲ್ಲಿಸಿದರು. ಖಾಲಿ ಮಾತ್ರೆ ಸಿಕ್ಕವರೇ ಅಲ್ಲಿ ಬಚಾವ್ ಆದರು.

ಪ್ರಶ್ನೆ: ಕಂಪನಿಗಳೇ ಟ್ರಯಲ್ ಮಾಡುತ್ತವಲ್ಲ, ವಿಶ್ವವಿದ್ಯಾಲಯಕ್ಕೆ ಯಾಕೆ ಈ ಉಸಾಬರಿ?

ಉತ್ತರ: ಪೇಟೆಂಟ್ ಮುಗಿದ ಹಳೇ ಔಷಧದ ಮೇಲೆ ಕಂಪನಿ ಯಾಕೆ ದುಡ್ಡು ಸುರಿಯುತ್ತದೆ, ಹೇಳಿ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2020ರಲ್ಲಿ ನಡೆಸಿದ ರಿಕವರಿ ಟ್ರಯಲ್‌ನಲ್ಲಿ ಗೆದ್ದದ್ದು ಡೆಕ್ಸಾಮೆಥಾಸೋನ್, ದಶಕಗಳಷ್ಟು ಹಳೆಯ, ಅಗ್ಗದ ಸ್ಟೀರಾಯ್ಡ್. ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಲ್ಲಿ ಅದು ಸಾವನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿತು. ಜನ ಮುಗಿಬಿದ್ದು ಹುಡುಕುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಅದೇ ಟ್ರಯಲ್‌ನಲ್ಲಿ ಆಸ್ಪತ್ರೆ ಸೇರಿದವರಿಗೆ ಏನೂ ಉಪಯೋಗವಾಗಲಿಲ್ಲ.

ಪ್ರಶ್ನೆ: ನಮ್ಮನ್ನು ಗಿನಿಪಿಗ್ ಮಾಡುತ್ತಾರೆ ಅನ್ನುತ್ತಾರೆ ಮನೆಯವರು. ನಿಜ ಹೇಳಿ.

ಉತ್ತರ: ಅಪಾಯ ಇಲ್ಲವೇ ಇಲ್ಲ ಅಂದವರನ್ನು ನಂಬಬೇಡಿ. 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್1412 ಎಂಬ ಮದ್ದನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟರು. 8 ಜನ ಆರೋಗ್ಯವಂತರು, ಅವರಲ್ಲಿ 6 ಜನರಿಗೆ ಮದ್ದು, ಸ್ವಲ್ಪ ಸ್ವಲ್ಪ ಹೊತ್ತಿನ ಅಂತರದಲ್ಲಿ. ಕೆಲವೇ ಗಂಟೆಗಳಲ್ಲಿ 6 ಜನರೂ ಐಸಿಯು ಪಾಲಾದರು. ಎಲ್ಲರೂ ಬದುಕಿದರು, ಅಷ್ಟೇ ಸಮಾಧಾನ. ಅದಾದ ಮೇಲೆ ಇಂಥ ಮೊದಲ ಪ್ರಯೋಗಗಳಲ್ಲಿ ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಇನ್ನೊಬ್ಬರಿಗೆ ಎಂಬ ಕ್ರಮ ಗಟ್ಟಿಯಾಯಿತು. ಮೊದಲ ಹಂತಕ್ಕೂ ಮೂರನೇ ಹಂತಕ್ಕೂ ಅಪಾಯ ಒಂದೇ ಥರ ಇರುವುದಿಲ್ಲ. ಆದ್ದರಿಂದ ಮನೆಯವರ ಜೊತೆ ವಾದ ಮಾಡುವ ಮುಂಚೆ ಇದು ಎಷ್ಟನೇ ಫೇಸ್, ಇಲ್ಲಿಯವರೆಗೆ ಎಷ್ಟು ಜನ ತೆಗೆದುಕೊಂಡಿದ್ದಾರೆ, ಅವರಿಗೆ ಏನೇನಾಯಿತು ಎಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಸೇರಿದ ಮೇಲೆ ಬೇಡ ಅನ್ನಿಸಿದರೆ?

ಉತ್ತರ: ಬಿಡಬಹುದು. ಕಾರಣ ಹೇಳಬೇಕಾಗಿಲ್ಲ, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ. ಆದರೆ ಹೇಳದೆ ಕೇಳದೆ ಮಾತ್ರೆ ಬಿಡಬೇಡಿ, ಕೆಲವನ್ನು ನಿಧಾನವಾಗಿ ಇಳಿಸಬೇಕಾಗುತ್ತದೆ.

ಒಪ್ಪಿಗೆ ಪತ್ರ ಉದ್ದ ಇರುತ್ತದೆ, ಓದಲು ಬೇಜಾರಾಗುತ್ತದೆ, ಆದರೂ ಮನೆಗೆ ತನ್ನಿ. ಅದೇ ದಿನ ಸಹಿ ಹಾಕಿ ಎಂದು ಅವಸರ ಮಾಡಿದರೆ ಎದ್ದು ಬನ್ನಿ. ಎಷ್ಟು ಸಲ ಬರಬೇಕು, ಎಷ್ಟು ಸಲ ರಕ್ತ ತೆಗೆಯುತ್ತಾರೆ, ತೊಂದರೆಯಾದರೆ ಖರ್ಚು ಯಾರದು, ಮದ್ದು ಕೆಲಸ ಮಾಡಿದರೆ ಟ್ರಯಲ್ ಮುಗಿದ ಮೇಲೂ ಸಿಗುತ್ತದೆಯಾ ಎಂದು ನೋಡಿ. ಕೊನೆಯದಕ್ಕೆ ಉತ್ತರ ಪತ್ರದಲ್ಲಿ ಇಲ್ಲದಿದ್ದರೆ ಬಾಯಿಮಾತಿಗೆ ತೃಪ್ತರಾಗದೆ ಬರೆದು ಕೊಡಿ ಎನ್ನಿ. ಸಹಿಯಾದ ಪ್ರತಿ ಒಂದು ನಿಮ್ಮ ಕೈಯಲ್ಲಿರಲಿ, ರಾತ್ರಿ ಹೊತ್ತು ಏನಾದರೂ ಆದರೆ ಕರೆ ಮಾಡುವ ನಂಬರ್ ಸಮೇತ.